ಸೌತೆಕಾಯಿಯವಳ ಅರ್ಧ ನಿಮಿಷ

"ಏಳನೇ ಕ್ಲಾಸಿಗೇ ಪುಸ್ತಕ ಬಿಸಾಕಿ ಬಂದೋನು ನೀನು. ಮೊದಲು ಆ ಬೋರ್ಡಿನ ಮೇಲಿರೋ ಸಿನಿಮಾ ಹೆಸರು ಕೂಡಿಸಿ ಓದೋಕೆ ಬರುತ್ತಾ ನೋಡ್ಕೋ. ಆಮೇಲೆ ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ಬಾಯಿ ಬಿಡುವಿಯಂತೆ," ಎಂದ ಸ್ಟುಡಿಯೋ ವರದರಾಜು.

ಹೇಳಿದ್ದು ನನಗೆ. ಕೇಳಿಸಿಕೊಂಡವರು ದ್ಯಾವಕ್ಕನ ಹೋಟೆಲಿನ ಮುಂದೆ ನಿಂತಿದ್ದ ನಲವತ್ತು ಜನ. ಎಲ್ಲರೂ ನಕ್ಕರು. ಅಕ್ಕಿ ಗಿರಣಿಯ ಲಿಂಗಪ್ಪನಿಗಂತೂ ಟೀ ಮೂಗಿಗೆ ಹತ್ತಿ ಕೆಮ್ಮು ಬಂತು. ನಾನು ಮುಷ್ಟಿ ಬಿಗಿ ಹಿಡಿದು ನಿಂತಿದ್ದೆ. ಬೇರೆ ದಿನವಾಗಿದ್ದರೆ ವರದರಾಜುವಿನ ಕನ್ನಡಕ ಚರಂಡಿಯಲ್ಲಿರುತ್ತಿತ್ತು. ಅವತ್ತು ಹೊಡೆಯಲಿಲ್ಲ. ಹೊಡೆದಿದ್ದರೆ ಯಾಕೆ ಹೊಡೆದೆ ಎಂದು ಕೇಳುತ್ತಿದ್ದರು. ಯಾಕೆ ಎಂದು ನಾನು ಹೇಳುವ ಹಾಗಿರಲಿಲ್ಲ.

ನಮ್ಮೂರಿಗೆ ಇರುವುದು ಒಂದೇ ಟಾಕೀಸು. ದಿನಕ್ಕೆ ಒಂದೇ ಆಟ, ಮ್ಯಾಟಿನಿ. ಶುಕ್ರವಾರ ಒಂದು ಸಿನಿಮಾ ಬಂದರೆ ಗುರುವಾರದವರೆಗೆ ಅದೇ. ಆಟ ಬಿಟ್ಟ ಮೇಲೆ ಜನ ಎದುರಿನ ದ್ಯಾವಕ್ಕನ ಹೋಟೆಲಿಗೆ ಬರುತ್ತಾರೆ, ಟೀ ಕುಡಿಯುತ್ತಾ ಸಿನಿಮಾ ಹೀಗಿತ್ತು ಹಾಗಿತ್ತು ಎನ್ನುತ್ತಾರೆ. ಅವರು ಏನು ಅನ್ನುತ್ತಾರೋ ಮಾರನೆಯ ದಿನ ಸಿನಿಮಾ ತಾನಾಗಿಯೇ ಹಾಗೆ ಬರುತ್ತದೆ. ಹಾಡು ಉದ್ದವಾಯಿತು ಎಂದರೆ ನಾಳೆ ಒಂದು ಚರಣ ಇರುವುದಿಲ್ಲ. ಅಣ್ಣ ಸಾಯಬಾರದಿತ್ತು ಎಂದರೆ ನಾಳೆ ಅವನಿಗೆ ಗುಂಡು ಭುಜಕ್ಕೆ ಬೀಳುತ್ತದೆ, ಆಸ್ಪತ್ರೆಯ ಮಂಚದ ಮೇಲೆ ಎದ್ದು ಕೂರುತ್ತಾನೆ. ಇದಕ್ಕೆ ನಾವೆಲ್ಲ ಹೊಂದಿಕೊಂಡಿದ್ದೇವೆ. ಹೊಡೆದಾಟ ಬೇಕಾದವರು ಶುಕ್ರವಾರ, ಶನಿವಾರವೇ ನೋಡಿಬಿಡುತ್ತಾರೆ. ಹೆಂಗಸರು ಭಾನುವಾರ ಬರುತ್ತಾರೆ, ಅವರು ನೋಡಿ ಹೋದ ಮೇಲೆ ಅತ್ತೆಯರ ಪಾಡು ಕೇಳಬೇಡಿ. ಮನೆಯಲ್ಲಿ ಸಾವಾದವರು ಗುರುವಾರವೇ ಬರುವುದು, ಅಷ್ಟು ಹೊತ್ತಿಗೆ ಸಿನಿಮಾದಲ್ಲಿ ಸಾಯುವವರು ಯಾರೂ ಉಳಿದಿರುವುದಿಲ್ಲ. ಹಬ್ಬಕ್ಕೆ ಬಂದ ಅಳಿಯ ಹೋಟೆಲಿನ ಮುಂದೆ ನಿಂತು ಏನಾದರೂ ಒದರಲು ಹೋದರೆ ಮಾವನೇ ಬಾಯಿಗೆ ಬೋಂಡಾ ತುರುಕುತ್ತಾನೆ.

ಎಲ್ಲರ ಮಾತೂ ನಡೆಯುವುದಿಲ್ಲ, ಅದೂ ಒಂದಿದೆ. ಹೋಟೆಲಿನ ಮುಂದೆ ಒಂದು ಬೆಂಚಿದೆ. ಅದರ ಮೇಲೆ ಕೂತವರ ಮಾತು ನಡೆಯುತ್ತದೆ. ನಿಂತವರು ಹತ್ತು ಜನ ಒಂದೇ ಮಾತು ಹೇಳಿದರೂ ಬೆಂಚಿನವನು "ಹೂಂ, ಅದೂ ಸರಿ" ಎನ್ನಬೇಕು. ಬೆಂಚಿನ ಮಧ್ಯದ ಜಾಗ ವರದರಾಜುವಿನದು. ಫೋಟೋ ಸ್ಟುಡಿಯೋ ಇಟ್ಟಿದ್ದಾನೆ, ಬೆಳಕು ನೆರಳು ಎಂದೆಲ್ಲ ಮಾತಾಡುತ್ತಾನೆ. ಅವನ ಷೋಕೇಸಿನ ಗಾಜಿನ ಹಿಂದೆ ಊರಿನ ಅರ್ಧ ಹೆಂಗಸರು ಹೂ ಮುಡಿದು ಕೂತಿದ್ದಾರೆ. ನಾನು ಗ್ರಿಲ್ಲು ಗೇಟಿಗೆ ವೆಲ್ಡಿಂಗ್ ಮಾಡುವವನು. ಹುಟ್ಟಿದಾಗಿನಿಂದ ಆ ಬೆಂಚಿನ ಮುಂದೆ ನಿಂತೇ ಟೀ ಕುಡಿದಿದ್ದೇನೆ.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನು ಹೇಳಲೇಬೇಕು. ಯಾರ ಬಾಯಿಗೂ ಬೀಳದ ಭಾಗ ಇರುತ್ತದಲ್ಲ, ಹೊಗಳಿಕೆಯೂ ಇಲ್ಲ ಬೈಗುಳವೂ ಇಲ್ಲ, ಅದು ಮಾತ್ರ ಬಂದ ಹಾಗೇ ಉಳಿಯುತ್ತದೆ.

ಆ ವಾರ ಬಂದಿದ್ದು 'ಸಂತೆಕಲ್ಲಿನ ಸೊಸೆ' ಎಂಬ ಹಳೆಯ ಸಿನಿಮಾ. ಅದರಲ್ಲಿ ನನ್ನ ಅಮ್ಮ ಇದ್ದಳು.

ಅಮ್ಮ ಕೆಂಪಾಜಮ್ಮ, ಮದುವೆಗೆ ಮೊದಲು ತವರಿನ ಬಸ್‌ಸ್ಟ್ಯಾಂಡಿನಲ್ಲಿ ಸೌತೆಕಾಯಿ ಮಾರುತ್ತಿದ್ದಳಂತೆ. ಸಿನಿಮಾದವರು ಬಂದು, ನೀನು ದಿನಾ ಏನು ಮಾಡ್ತೀಯೋ ಅದನ್ನೇ ಮಾಡು ಅಂದರಂತೆ, ಮಾಡಿದಳಂತೆ. ಅನ್ನ ಹಾಕುವಾಗ ನಮಗೆ ಹೇಳುತ್ತಿದ್ದಳು. ಅಪ್ಪ "ಏನ್ ಹೀರೋಯಿನ್ನಮ್ಮ, ಇನ್ನೊಸಿ ಸಾರು ಬುಡವ್ವ" ಎನ್ನುತ್ತಿದ್ದ. ನಾನೂ ನಗುತ್ತಿದ್ದೆ. ನನಗೆ ಹನ್ನೆರಡು ವರ್ಷವಿದ್ದಾಗ ಹೊಟ್ಟೆನೋವೆಂದು ಮಲಗಿದವಳು ಏಳಲಿಲ್ಲ. ತಿಥಿಯ ದಿನ ಫೋಟೋ ಇಟ್ಟು ಹಾರ ಹಾಕಿ ಎಂದರು. ಮನೆಯೆಲ್ಲ ಹುಡುಕಿದೆವು, ಅವಳದೊಂದು ಫೋಟೋ ಇರಲಿಲ್ಲ. ಗೋಡೆಗೆ ಕ್ಯಾಲೆಂಡರಿನ ಲಕ್ಷ್ಮಿಯನ್ನು ಆನಿಸಿ ಅದಕ್ಕೇ ಹಾರ ಹಾಕಿದೆವು. ಅವಳ ಮುಖ ನನಗೆ ಎರಡು ಮೂರು ವರ್ಷ ನೆನಪಿತ್ತು. ಆಮೇಲೆ ಸವೆಯಿತು. ಈಗ ಕಣ್ಣು ಮುಚ್ಚಿದರೆ ಲಕ್ಷ್ಮಿಯೇ ಬರುತ್ತಾಳೆ, ಕೋಪ ಬರುತ್ತದೆ.

ಟಾಕೀಸಿನಲ್ಲಿ ಪ್ರೊಜೆಕ್ಟರ್ ಓಡಿಸುವ ಅನ್ವರಣ್ಣನಿಗೆ ಆ ಸಿನಿಮಾದ ಹೆಸರು ನಾನು ಯಾವತ್ತೋ ಹೇಳಿದ್ದೆ. ಹಿಂದಿನ ವಾರ ಕರೆದು ಹೇಳಿದ. "ಮಾದೇವ, ಆ ಪಿಕ್ಚರ್ ಬರ್ತಿದೆ. ಉಳಿದಿರೋದು ಇದೊಂದೇ ಪ್ರಿಂಟು ಅಂತೆ. ಇಲ್ಲಿಂದ ಸೀದಾ ಕರಗಿಸೋಕೆ ಕಳಿಸ್ತಾರೆ. ಏಳು ದಿನ ಇದೆ, ಹೊಟ್ಟೆ ತುಂಬ ನೋಡ್ಕೊಂಡ್ಬಿಡು."

ಶುಕ್ರವಾರ ಗ್ಯಾರೇಜಿಗೆ ರಜೆ ಹಾಕಿ ಮುಂದಿನ ಸಾಲಿನಲ್ಲಿ ಕೂತೆ. ಒಂದು ಗಂಟೆ ಸೊಸೆ ಅತ್ತಳು. ಆಮೇಲೆ ಗಂಡನ ಮನೆ ಬಿಟ್ಟು ಬಸ್ ಹತ್ತಿದಳು. ಕಿಟಕಿಯ ಪಕ್ಕ ಕೂತಳು. ಕೆಳಗಿನಿಂದ ಒಂದು ಬುಟ್ಟಿ ಮೇಲಕ್ಕೆ ಬಂತು. ಆಮೇಲೆ ಕೈ, ಕೈಯಲ್ಲಿ ಪುಟ್ಟ ಚಾಕು. ಸೌತೆಕಾಯಿಯನ್ನು ಉದ್ದಕ್ಕೆ ನಾಲ್ಕಾಗಿ ಸೀಳಿತು ಆ ಕೈ. ಆಗ ಅವಳು ಮಾತಾಡಿದಳು. "ಉಪ್ಪು ಖಾರ ಎಲ್ಡೂ ಹಾಕ್ಲಾ ಅಕ್ಕಾ, ಉಪ್ಪೊಂದೇ ಸಾಕಾ?"

ನಾನೊಂದು ಮೂರ್ಖತನ ಮಾಡಿದೆ. ಆ ದನಿ ಕಿವಿಗೆ ಬಿದ್ದದ್ದೇ ಹಿಂದಕ್ಕೆ ತಿರುಗಿದೆ. ಹನ್ನೆರಡು ವರ್ಷ ಆ ದನಿ ನನ್ನನ್ನು ಹಿಂದಿನಿಂದಲೇ ಕರೆದಿತ್ತು, ಆಟದ ಬಯಲಿನಲ್ಲಿ, ಕೆರೆ ಏರಿಯ ಮೇಲೆ. ಹಿಂದೆ ನೋಡಿದರೆ ಕಡಲೆಕಾಯಿ ತಿನ್ನುತ್ತಿದ್ದ ಜನ. ಮತ್ತೆ ಪರದೆಯ ಕಡೆ ತಿರುಗುವಷ್ಟರಲ್ಲಿ ಬಸ್ಸು ಹೊರಟಿತ್ತು. ಅಷ್ಟು ದೂರದಲ್ಲಿ, ಧೂಳಿನಲ್ಲಿ, ಸೆರಗಿನಿಂದ ಮೂಗು ಮುಚ್ಚಿಕೊಂಡ ಒಬ್ಬ ಹುಡುಗಿ. ಈಗಿನ ನನಗಿಂತ ಚಿಕ್ಕವಳು. ಮುಖ ನೋಡಲಿಲ್ಲ. ಇರಲಿ, ಇನ್ನೂ ಆರು ದಿನ ಇದೆ, ನಾಳೆ ನೋಡಿದರಾಯಿತು ಎಂದುಕೊಂಡೆ.

ಆಟ ಬಿಟ್ಟ ಮೇಲೆ ಹೋಟೆಲಿಗೆ ಬಂದೆ. ಬಂದದ್ದು ಟೀಗಲ್ಲ, ಆ ಬಸ್‌ಸ್ಟ್ಯಾಂಡು ಯಾರ ಬಾಯಿಗೂ ಬೀಳದಿರಲಿ ಎಂದು ಕಾವಲು ಕಾಯುವುದಕ್ಕೆ. ಲಿಂಗಪ್ಪ ಶುರುಮಾಡಿದ. "ಹಳೇ ಪಿಕ್ಚರು, ಎಳೀತು ಸ್ವಾಮಿ. ಆ ಹೆಣ್ಣು ಅಳೋದ್ನ ಅರ್ಧ ಮಾಡಿದ್ರೆ ನೋಡಬೋದು." ಯಾರೋ ಅತ್ತೆಯ ಪಾತ್ರದವಳು ಭೇಷ್ ಎಂದರು. ಇನ್ನಾರೋ ಹಾಸ್ಯ ಸಾಲದು ಎಂದರು. ನಾನು ಒಳಗೊಳಗೇ ಲೆಕ್ಕ ಹಾಕುತ್ತಿದ್ದೆ, ಅಳುವುದು ಹೋಗಲಿ, ಅತ್ತೆ ದೊಡ್ಡವಳಾಗಲಿ, ಹಾಸ್ಯ ಬರಲಿ, ಬಸ್ಸಿನ ತಂಟೆಗೆ ಬರಬೇಡಿ. ಆಗ ವರದರಾಜು ಕನ್ನಡಕ ಒರೆಸುತ್ತಾ ಹೇಳಿದ. "ನನಗೆ ಅರ್ಥವಾಗದೇ ಇದ್ದದ್ದು ಒಂದೇ. ಹುಡುಗಿ ಬಸ್ ಹತ್ತಿದ್ಲು, ಹೊರಟ್ಲು, ಮುಗೀತು. ಮಧ್ಯೆ ಆ ಸೌತೆಕಾಯಿ ಯಾಕ್ರೀ? ದಂಡ."

"ಅದು ಇರ್ಲಿ," ಎಂದೆ. ಬಾಯಿ ತಪ್ಪಿ ಬಂತು.

"ಯಾಕಿರಬೇಕು?"

"ಚೆನ್ನಾಗೈತೆ ಅದು."

ಆಮೇಲೆ ಅವನು ಅಂದದ್ದನ್ನು ಮೊದಲೇ ಹೇಳಿದ್ದೇನೆ. ದ್ಯಾವಕ್ಕ ಒಳಗಿನಿಂದ ಬೋಂಡಾ ಎತ್ತುವ ಜಾಲರಿ ಹಿಡಿದುಕೊಂಡೇ ಬಂದು, "ಗೇದು ತಿನ್ನೋ ಹೈದನ ತಾವ ಯಾಕ್ ಅಂಗಂತೀರಿ ವರದಣ್ಣ, ನೀವೊಳ್ಳೆ," ಎಂದು ಗದರಿದಳು. ಅಷ್ಟರಲ್ಲಿ ಆಗುವುದು ಆಗಿತ್ತು. ನಲವತ್ತು ಜನ ಸೌತೆಕಾಯಿ, ಸೌತೆಕಾಯಿ ಎಂದು ನಗುತ್ತಾ ಮನೆಗೆ ಹೋದರು.

ಶನಿವಾರ ಬಸ್ಸು ಬಂತು. ಬುಟ್ಟಿ ಬಂತು. ಈ ಸಲ ನಾನು ತಿರುಗಬಾರದೆಂದು ಕುರ್ಚಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದೆ. "ಉಪ್ಪು ಖಾರ" ಎಂದಿತು ದನಿ, ಅಷ್ಟೇ, ಬಸ್ಸು ಹೊರಟೇ ಬಿಟ್ಟಿತು. ಕೈ ಮಾತ್ರ ಇತ್ತು, ಮುಖದ ತನಕ ಹೋಗಲೇ ಇಲ್ಲ. ದಂಡ ಎಂಬ ವರದರಾಜುವಿನ ಒಂದು ಮಾತು ಅಮ್ಮನ ಕತ್ತಿನ ಮೇಲೆ ಬಿದ್ದಿತ್ತು.

ಅರ್ಧ ಆಟಕ್ಕೇ ಎದ್ದು ಹೊರಗೆ ಬಂದೆ. ಹೋಟೆಲಿನಲ್ಲಿ ಯಾರೂ ಇರಲಿಲ್ಲ. ದ್ಯಾವಕ್ಕ ಈರುಳ್ಳಿ ಹೆಚ್ಚುತ್ತಿದ್ದಳು.

"ಅಕ್ಕ, ನಿಂಗೊಂದು ಮಾತು ಹೇಳ್ಬೇಕು. ಯಾರ್ಗೂ ಅನ್ಬ್ಯಾಡ."

"ಏನ್ಲಾ ಮಗ, ಯಾರ್ನಾರ ಕೆಡವ್ಬುಟ್ಟು ಬಂದ್ಯಾ?"

"ಆ ಸೌತೆಕಾಯಿಯೋಳು ನಮ್ಮವ್ವ."

ಅವಳು ಈಳಿಗೆಮಣೆಯಿಂದ ಎದ್ದಳು. ಅಮ್ಮನನ್ನು ಬಲ್ಲವಳು, ಒಂದೇ ಬಾವಿಯಲ್ಲಿ ನೀರು ಸೇದಿದವಳು. "ಕೆಂಪಾಜೀನಾ? ಅಯ್ಯೋ ಸಿವನೇ, ನಾನಿನ್ನೂ ಆ ಪಿಕ್ಚರೇ ನೋಡ್ನಿಲ್ವಲ್ಲೋ," ಎಂದು ಈರುಳ್ಳಿಯ ಕೈಯಲ್ಲೇ ಕಣ್ಣು ಒರೆಸಿಕೊಂಡು ಇನ್ನಷ್ಟು ಅತ್ತಳು. ನಾನು ಹೇಳಿದೆ, ಇವತ್ತು ಆ ಬಸ್‌ಸ್ಟ್ಯಾಂಡಿನ ಮಾತೇ ಬರದ ಹಾಗೆ ನೋಡಿಕೋ, ಮಾತು ಬಂದರೆ ಬೇರೆ ಕಡೆ ತಿರುಗಿಸು, ಟೀ ಚೆಲ್ಲು, ಏನಾದರೂ ಮಾಡು. "ಆಯ್ತು ಕನ್ ಮಗ, ನೀನ್ ಹೋಗು, ನಾ ನೋಡ್ಕತೀನಿ," ಎಂದಳು. ಗ್ಯಾರೇಜಿನಲ್ಲಿ ಒಂದು ಗೇಟು ಅರ್ಧಕ್ಕೆ ನಿಂತಿತ್ತು. ನಂಬಿ ಹೋದೆ.

ದ್ಯಾವಕ್ಕ ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಬೈದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ನಮ್ಮೂರಿನಲ್ಲಿ ಒಬ್ಬರಿಗೆ ಒಳ್ಳೆಯದು ಮಾಡುವುದೆಂದರೆ ಅವರ ಪರವಾಗಿ ನಾಲ್ಕು ಮಾತಾಡುವುದು. ಸುಮ್ಮನಿರುವುದೂ ಒಳ್ಳೆಯದು ಮಾಡುವ ಒಂದು ದಾರಿ ಎಂದು ಇಲ್ಲಿ ಯಾರಿಗೂ ಗೊತ್ತಿಲ್ಲ. ಮ್ಯಾಟಿನಿ ಬಿಟ್ಟಾಗ ಅವಳು ಒಬ್ಬೊಬ್ಬರ ಕೈಗೆ ಟೀ ಕೊಡುತ್ತಾ ಒಬ್ಬೊಬ್ಬರಿಗೂ ಹೇಳಿದಳಂತೆ. ಆ ತಾಯಿಯಿಲ್ಲದ ಹೈದನ ಅವ್ವ ಅದು, ಇದ್ದ ಅರ್ಧ ನಿಮಿಷಾನೂ ಕಿತ್ತಾಕಿದ್ರಲ್ಲ, ನಿಮ್ಮ ಬಾಯಿಗೆ ಮಣ್ಣಾಕ ಅಂದಳಂತೆ. ಬೆಂಚಿನವರಿಗೆ ನಾಚಿಕೆಯಾಯಿತಂತೆ. ಲಿಂಗಪ್ಪ ಪಾಪ ಅಂದನಂತೆ. ಅಷ್ಟು ಸಣ್ಣ ಪಾತ್ರ ಕೊಡಬಾರದಿತ್ತು ಅಂದರಂತೆ. ಹರಕಲು ಸೀರೆ ಉಡಿಸಬಾರದಿತ್ತು ಅಂದರಂತೆ. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು.

ಭಾನುವಾರ ಟಾಕೀಸು ಹೆಂಗಸರಿಂದ ತುಂಬಿತ್ತು. ನಾನು ಒಳಗೆ ಹೋದಾಗ ಗೇಟಿನವನು ಟಿಕೆಟ್ಟು ಹರಿಯದೆ ಕೈ ಮುಗಿದ. ದ್ಯಾವಕ್ಕ ಬಾಯಿ ಬಿಟ್ಟಿದ್ದಾಳೆ ಎಂದು ಆಗಲೇ ಗೊತ್ತಾಯಿತು. ಬಸ್ಸು ಬಂತು. ಬುಟ್ಟಿ ಬಂತು, ಹೊಸ ಬುಟ್ಟಿ, ಅಂಚಿಗೆ ಬಣ್ಣ ಹಚ್ಚಿದ್ದು. ಆಮೇಲೆ ಅವಳು ಬಂದಳು. ರೇಷ್ಮೆ ಸೀರೆ. ಮೊಳ ಮಲ್ಲಿಗೆ. ಬಿಸಿಲಿನಲ್ಲಿ ನಿಂತು ಸೌತೆಕಾಯಿ ಮಾರುವವಳ ಕೆನ್ನೆ ಹಾಲಿನ ಕೆನೆಯ ಹಾಗೆ ಹೊಳೆಯುತ್ತಿತ್ತು. ಮುಖ ಪೂರ್ತಿ ನನ್ನ ಕಡೆ ತಿರುಗಿಸಿ ಮೂರು ನಿಮಿಷ ನಿಂತಳು. ಸೊಸೆಯ ಕಣ್ಣೀರು ಒರೆಸಿ ಹೆಣ್ಣಿನ ಬಾಳಿನ ಬಗ್ಗೆ ಒಂದು ಹಾಡು ಹೇಳಿದಳು, ಯಾರೋ ದೊಡ್ಡ ಗಾಯಕಿಯ ಗಂಟಲಿನಲ್ಲಿ. ಹಿಂದಿನ ಸಾಲಿನ ಹೆಂಗಸು ನನ್ನ ಬೆನ್ನು ತಟ್ಟಿ, "ನಿಮ್ಮವ್ವ ಏಟ್ ಲಕ್ಷಣವಾಗವ್ರಪ್ಪ," ಎಂದಳು. ಟಾಕೀಸಿಗೆ ಟಾಕೀಸೇ ಚಪ್ಪಾಳೆ ಹೊಡೆಯಿತು.

ನಾನು ಆ ಮುಖದೊಳಗೆ ಹುಡುಕಿದೆ. ಮೂಗು ಅವಳದ್ದೇ ಇರಬಹುದಾ, ಹುಬ್ಬು ಅವಳದ್ದಾ. ಗೊತ್ತಾಗಬೇಕಾದರೆ ನನಗೆ ಮೊದಲಿನದು ನೆನಪಿರಬೇಕಿತ್ತು. ನೆನಪಿಸಿಕೊಳ್ಳುವುದಕ್ಕೇ ನಾನು ಬಂದಿದ್ದು.

ದ್ಯಾವಕ್ಕನ ಹತ್ತಿರ ಹೋಗಿ ಕೂಗಾಡಿದೆ. "ಬಾಯಿ ಮುಚ್ಕೊಂಡಿರು ಅಂತ ತಾನೆ ಅಂದಿದ್ದು ನಾನು?" ಅವಳಿಗೆ ಅರ್ಥವೇ ಆಗಲಿಲ್ಲ. "ಅಲ್ಲಲಾ, ತಗ್ದಾಕಿದ್ರು, ನಾನು ಹಾಕುಸ್ದೆ. ರೇಸ್ಮೆ ಸೀರೆ ಉಟ್ಟಿದ್ಲಾ ಕೆಂಪಾಜಿ ಬದುಕಿದ್ದಾಗ? ಈಗ್ಲಾರ ಉಡ್ಲಿ ಬುಡು," ಎಂದಳು. ಅವಳ ಕಣ್ಣಲ್ಲಿ ನೀರಿತ್ತು.

ಸೋಮವಾರಕ್ಕೆ ಅವಳು ಇನ್ನೂ ದೊಡ್ಡವಳಾದಳು. ಕೊನೆಯಲ್ಲಿ ಮತ್ತೆ ಬಂದು, ಬಾವಿಗೆ ಬೀಳಲು ಹೋದ ಸೊಸೆಯ ಕೈ ಹಿಡಿದು ಎಳೆದಳು. ಜನ ಹೋಟೆಲಿನ ಮುಂದೆ ನಿಂತು ಅತ್ತರು. ಮಂಗಳವಾರ ಅವಳಿಗೆ ಒಬ್ಬ ಮಗ ಬಂದ. ಚಡ್ಡಿ, ಇಸ್ತ್ರಿ ಮಾಡಿದ ಅಂಗಿ, ಹೆಗಲಿಗೆ ಪುಸ್ತಕದ ಚೀಲ. ಅಮ್ಮ ಬುಟ್ಟಿ ಹೊರುತ್ತಾಳೆ, ಮಗ ಬೀದಿ ದೀಪದ ಕೆಳಗೆ ಓದುತ್ತಾನೆ. ಅಮ್ಮ ಕೆಮ್ಮುತ್ತಾಳೆ, ಮಗ ಫಸ್ಟ್ ಕ್ಲಾಸು. ಕೊನೆಗೆ ಅವನು ಜೀಪಿನಲ್ಲಿ ಬಂದಿಳಿದು ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಿ, ಟೋಪಿ ತೆಗೆದು ಅವಳ ಕಾಲಿಗೆ ಬೀಳುತ್ತಾನೆ. ಅವಳು ಅವನ ತಲೆ ಸವರುತ್ತಾಳೆ. ಇದು ಯಾರ ಮಾತು ಎಂದು ಕೇಳಬೇಕಾಗಿರಲಿಲ್ಲ. ವರದರಾಜುವೇ ಬೆಂಚಿನ ಮೇಲೆ ಹೇಳಿದನಂತೆ, ಪಾಪ, ಅವಳ ಮಗ ಓದಬೇಕಿತ್ತು ಕಣ್ರೀ, ಓದಿದ್ದಿದ್ದರೆ ಅವಳ ಜೀವಕ್ಕೊಂದು ಸಾರ್ಥಕ ಇತ್ತು ಎಂದು. ಆ ಹುಡುಗನನ್ನು ನಾನು ಕತ್ತಲಲ್ಲಿ ಕೂತು ನೋಡಿದೆ. ನನ್ನ ಅಮ್ಮ ಇಷ್ಟು ವರ್ಷದ ಮೇಲೆ ಬಂದು ಸವರಿದ್ದು ಅವನ ತಲೆಯನ್ನು.

ಆಟ ಮುಗಿದ ಮೇಲೆ ಮೆಟ್ಟಿಲು ಹತ್ತಿ ಅನ್ವರಣ್ಣನ ಕೋಣೆಗೆ ಹೋದೆ. "ಶುಕ್ರವಾರದ್ದು ಒಂದು ತುಂಡು ಎಲ್ಲಾದ್ರೂ ಉಳಿದೈತಾ ನೋಡಣ್ಣ. ಒಂದೇ ಒಂದು. ಬೆರಳಷ್ಟು." ಅವನು ಆ ರೀಲನ್ನು ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದು ಮೊಳ ಮೊಳವಾಗಿ ಎಳೆಯುತ್ತಾ ಹೋದ. ಪ್ರತಿ ಚೌಕದಲ್ಲೂ ರೇಷ್ಮೆ ಸೀರೆ, ಪ್ರತಿ ಚೌಕದಲ್ಲೂ ಮಲ್ಲಿಗೆ. "ನಾನು ಡಬ್ಬಿ ತೆಗೀತೀನಿ, ಹಾಕ್ತೀನಿ, ಅಷ್ಟೇ ಕಣಪ್ಪ. ನಾನೇನೂ ಮುಟ್ಟಲ್ಲ," ಎಂದ. ಅವನ ತಪ್ಪೇನೂ ಇರಲಿಲ್ಲ. ಈ ಊರಿನಲ್ಲಿ ಯಾವತ್ತೂ ಯಾರ ತಪ್ಪೂ ಇರುವುದಿಲ್ಲ.

ಬುಧವಾರ ನಾನು ಆಟಕ್ಕೆ ಹೋಗಲಿಲ್ಲ. ಗ್ಯಾರೇಜಿನಲ್ಲಿ ಕೆಲಸ ಮಾಡಿದೆ. ಸಂಜೆ ಮನೆಗೆ ಹೋಗಬೇಕಾದರೆ ಹೋಟೆಲಿನ ಮುಂದೆಯೇ ಹೋಗಬೇಕು, ಬೇರೆ ದಾರಿಯಿಲ್ಲ. ಮ್ಯಾಟಿನಿ ಆಗ ತಾನೆ ಬಿಟ್ಟಿತ್ತು. ಗುಂಪು ನನ್ನನ್ನು ಕಂಡು ಎರಡು ಭಾಗವಾಯಿತು. ವರದರಾಜು ಬೆಂಚಿನಿಂದ ಎದ್ದ. ಎದ್ದು, ತನ್ನ ಕರವಸ್ತ್ರದಿಂದ ಬೆಂಚಿನ ಮಧ್ಯದ ಜಾಗವನ್ನು ಒರೆಸಿದ.

"ಬಾ ಮಾದೇವ, ಬಾಪ್ಪ. ಕೂತ್ಕೋ ಇಲ್ಲಿ. ದ್ಯಾವಕ್ಕ, ಇವನಿಗೊಂದು ಸ್ಪೆಷಲ್ ಟೀ."

ನಾನು ಕೂರಲಿಲ್ಲ. ದ್ಯಾವಕ್ಕ ತಂದ ಲೋಟವನ್ನು ನನ್ನ ಕೈಗೆ ಅವನೇ ಇಟ್ಟ.

"ನೋಡಪ್ಪ, ಅವತ್ತು ಎಲ್ಲರ ಮುಂದೆ ಅಂದ್ಬಿಟ್ಟೆ. ಎಲ್ಲರ ಮುಂದೇನೇ ಹೇಳ್ತೀನಿ, ತಪ್ಪಾಯ್ತು. ನನಗೇನು ಗೊತ್ತಿತ್ತು ಅದು ನಿಮ್ಮಮ್ಮ ಅಂತ. ಈಗ ನೋಡು, ಹೀರೋಯಿನ್ನಿಗಿಂತ ಒಂದು ಕೈ ಮೇಲೆ ಮಾಡಿದೀವಿ. ಈ ಊರಲ್ಲಿ ಯಾವ ತಾಯಿಗೆ ಸಿಕ್ಕಿದೆ ಹೇಳು ಈ ಮರ್ಯಾದೆ?"

"ಅದಂತೂ ದಿಟ," ಎಂದ ಲಿಂಗಪ್ಪ.

"ನಾಳೆ ಕೊನೇ ಆಟ," ಎಂದು ವರದರಾಜು ದನಿಯೆತ್ತಿದ, ಎಲ್ಲರಿಗೂ ಕೇಳಲಿ ಎಂದು. "ಇವತ್ತು ನಾವ್ಯಾರೂ ಬಾಯಿ ಬಿಡಲ್ಲ. ನೀನು ಏನು ಹೇಳ್ತೀಯೋ ನಾಳೆ ಸಿನಿಮಾ ಹಾಗೇ ಬರಲಿ. ಹೇಳು, ಹೇಗಿದೆ ಸಿನಿಮಾ? ಇನ್ನೇನಾದರೂ ಬೇಕಾ ನಿಮ್ಮಮ್ಮನಿಗೆ?"

ನಲವತ್ತು ಬಾಯಿಗಳು ಮುಚ್ಚಿದವು. ಹೋಟೆಲಿನ ಮುಂದೆ ಅಂಥ ನಿಶ್ಶಬ್ದವನ್ನು ನಾನು ಕೇಳಿಯೇ ಇರಲಿಲ್ಲ. ಐದು ದಿನದ ಹಿಂದೆ ಇಷ್ಟೇ ನಿಶ್ಶಬ್ದ ಕೊಟ್ಟಿದ್ದರೆ ಸಾಕಿತ್ತು ನನಗೆ. ಮೊದಲು ಇದ್ದ ಹಾಗೇ ಮಾಡಿ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಮೊದಲು ಹೇಗಿದ್ದಳು, ಹೇಳು ಎನ್ನುತ್ತಾರೆ. ಸೀರೆ ಯಾವ ಬಣ್ಣ ಎನ್ನುತ್ತಾರೆ, ಮುಖ ದುಂಡಗಾ ಕೋಲಾ ಎನ್ನುತ್ತಾರೆ. ನಾನು ನೋಡಿಲ್ಲ. ನೋಡದೆ ಹೇಳಿದರೆ ನಾಳೆ ಬರುವುದು ನಾನು ಕಟ್ಟಿದ ಹೆಂಗಸು, ವರದರಾಜು ಕಟ್ಟಿದವಳಿಗೂ ಅವಳಿಗೂ ಏನು ವ್ಯತ್ಯಾಸ. ನನ್ನ ಹತ್ತಿರ ಉಳಿದಿದ್ದದ್ದು ಒಂದು ಸಾಲಿನ ದನಿ. ಅದನ್ನು ಇವರ ಮುಂದೆ ಬಾಯಿಬಿಟ್ಟು ಹೇಳಿದರೆ ಅದಕ್ಕೂ ಯಾರಾದರೂ ಒಂದು ಮಾತು ಸೇರಿಸುತ್ತಾರೆ, ಚೆನ್ನಾಗಿದೆ ಎಂದಾದರೂ ಸೇರಿಸಿಯೇ ಸೇರಿಸುತ್ತಾರೆ.

"ಏನಾದರೂ ಹೇಳೋ," ಎಂದ ವರದರಾಜು. ಅವನ ಮುಖದಲ್ಲಿ ಅವತ್ತಿನ ನಗು ಇರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದ.

ಟೀ ಕುಡಿಯದೆ ಲೋಟವನ್ನು ಬೆಂಚಿನ ಮೇಲಿಟ್ಟೆ, ಅವನು ಒರೆಸಿದ ಜಾಗದಲ್ಲೇ. ಗುಂಪು ಬಿಟ್ಟಿದ್ದ ದಾರಿಯಲ್ಲಿ ನಡೆದೆ. "ಏನ್ ಕೊಬ್ಬು ನೋಡ್ರಿ," ಎಂದಿತು ಒಂದು ದನಿ. "ಸುಮ್ಕಿರಿ, ಅವ್ವನ ನೆನ್ಸ್ಕಂಡು ದುಃಖ ಆಗೈತೆ," ಎಂದಿತು ಇನ್ನೊಂದು. ನಾನು ಗಿರಣಿಯ ಮೂಲೆ ದಾಟುವ ತನಕ ಅವರು ನನ್ನ ಬಗ್ಗೆ ಮಾತಾಡುತ್ತಲೇ ಇದ್ದರು.